ಗಣಕಯಂತ್ರದ ಮೌನ

ಕೆಟ್ಟಾಗ ಕೂಗಿಕೊಳ್ಳುವ ಯಂತ್ರಗಳಿವೆ, ಕೆಟ್ಟಾಗ ಸುಮ್ಮನಾಗುವ ಯಂತ್ರಗಳೂ ಇವೆ. ಎಣ್ಣೆ ಕಾಣದ ಬಂಡಿಯ ಗಾಲಿ ಕಿರುಗುಟ್ಟುತ್ತ ತನ್ನ ಸಂಕಟವನ್ನು ದಾರಿಯುದ್ದಕ್ಕೂ ಸಾರುತ್ತದೆ. ಹಿಟ್ಟಿನ ಗಿರಣಿಯ ಪಟ್ಟಿ ಹರಿಯುವ ಮೊದಲು ಸುಟ್ಟ ವಾಸನೆಯನ್ನು ಬೀರುತ್ತದೆ. ಗಣಕಯಂತ್ರದ ರೀತಿಯೇ ಬೇರೆ. ಗುಂಡಿ ಒತ್ತಿದರೆ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಎಲ್ಲವೂ ಸರಿಯಾಗಿದೆಯೆಂಬ ಭ್ರಮೆ ಹುಟ್ಟುತ್ತದೆ. ಆದರೆ ಮುಂದಿನ ಪರದೆ ಮಾತ್ರ ಅಮಾವಾಸ್ಯೆಯ ಆಕಾಶದಂತೆ ಕಪ್ಪಾಗಿಯೇ ಉಳಿಯುತ್ತದೆ. ಹಳೆಯದೊಂದು ಭಾಗವನ್ನು ತೆಗೆದು ಹೊಸದನ್ನು ಕೂಡಿಸಿದ ಮರುಗಳಿಗೆಯಲ್ಲೇ ಹೀಗಾದರೆ ಮನುಷ್ಯನ ಕೈಕಾಲು ಆಡದಂತಾಗುತ್ತದೆ. ಇಂಥ ಮೌನದ ಕಾರಣವನ್ನು ಹುಡುಕುವ ಬಗೆ ಹೇಗೆಂಬುದೇ ಈ ಪಾಠದ ವಿಷಯ.

1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ, ಇಂದು ವಿಜಯಪುರವೆಂದು ಕರೆಯಲ್ಪಡುವ ಅಂದಿನ ಬಿಜಾಪುರ ಜಿಲ್ಲೆಯಲ್ಲಿ ಐದು ತಾಲೂಕುಗಳು ಉಳಿದವು: ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಕೊನೆಯ ನಾಲ್ಕು ಊರುಗಳ ಅನೇಕ ರೈತರು ಗಣಕಯಂತ್ರವನ್ನು ಮೊದಲು ಹತ್ತಿರದಿಂದ ಕಂಡದ್ದು ತಹಸೀಲ್ದಾರ ಕಚೇರಿಯಲ್ಲಿ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿ ದಾಖಲೆಗಳು 2002ರ ಹೊತ್ತಿಗೆ ಗಣಕಯಂತ್ರಕ್ಕೆ ಏರಿದ್ದವು. ಈ ಸೀಮೆಯವರು ‘ಉತಾರ’ ಎಂದು ಕರೆಯುವ ಆ ಕಾಗದವನ್ನು ಆರಂಭದ ದಿನಗಳಲ್ಲಿ 15 ರೂಪಾಯಿ ತೆತ್ತು ಕಿಟಕಿಯಲ್ಲಿ ಪಡೆಯಬಹುದಾಗಿತ್ತು. ಇಂಥ ಕಚೇರಿಗಳ ಎದುರಿಗೆ ಕೆಲವೇ ವರ್ಷಗಳಲ್ಲಿ ಬೆರಳಚ್ಚಿನ ಅಂಗಡಿಗಳೂ ಝೆರಾಕ್ಸ್ ಅಂಗಡಿಗಳೂ ಗಣಕಯಂತ್ರವನ್ನು ಕೊಂಡುಕೊಂಡವು. ಬೆಳೆಸಾಲದ ಅರ್ಜಿ, ಪರೀಕ್ಷೆಯ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಎಲ್ಲವೂ ಅದರಲ್ಲಿಯೇ ಸಿದ್ಧವಾಗತೊಡಗಿದವು. ಒಂದೇ ಯಂತ್ರವಿರುವ ಅಂಗಡಿಯಲ್ಲಿ ಯಂತ್ರ ನಿಂತರೆ ಒಂದು ಮನೆಯ ಆದಾಯವೂ ಅಂದಿಗೆ ನಿಂತಂತೆಯೇ. ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನವಾಗಿದ್ದರೆ ಸರದಿಯಲ್ಲಿ ನಿಂತವರ ಹಾನಿಯೂ ಅದಕ್ಕೆ ಸೇರುತ್ತದೆ.

ಸಿಂದಗಿಯಲ್ಲಿ ಇಂಥದೊಂದು ಅಂಗಡಿ ಇದೆಯೆಂದೂ ಕಾಲ 2010ರ ಸುಮಾರು ಎಂದೂ ಇಟ್ಟುಕೊಳ್ಳೋಣ. ಅಂಗಡಿಯ ತರುಣನ ಬಳಿ ಇರುವುದು ಪೆಂಟಿಯಮ್ 4 ಪ್ರೊಸೆಸರಿನ ಹಳೆಯ ಯಂತ್ರ. ಕೆಲಸ ನಿಧಾನ, ಗಿರಾಕಿಗಳ ಗೊಣಗಾಟ ಹೆಚ್ಚು. ಹೊಸ ಯಂತ್ರಕ್ಕೆ ಹಣವಿಲ್ಲ. ಪ್ರೊಸೆಸರ್ ಒಂದನ್ನು ಬದಲಾಯಿಸಿದರೆ ಸಾಕೆಂದು ಯಾರೋ ಹೇಳಿದರು. ಆತ ವಿಜಯಪುರಕ್ಕೆ ಹೋಗಿ, ಒಬ್ಬರು ಬಳಸಿ ಬಿಟ್ಟ ಕೋರ್ 2 ಡ್ಯುಯೊ ಪ್ರೊಸೆಸರನ್ನು ಕಡಿಮೆ ಬೆಲೆಗೆ ತಂದ. ಹಳೆಯದನ್ನು ತೆಗೆದು ಹೊಸದನ್ನು ಅದೇ ಸಾಕೆಟ್ಟಿನಲ್ಲಿಟ್ಟ. ಅಳತೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿತು. ಗುಂಡಿ ಒತ್ತಿದ. ಮುಂದಿನದನ್ನು ಈಗಾಗಲೇ ಹೇಳಿದ್ದಾಗಿದೆ.

ನಮ್ಮ ಕಡೆ ಜನರು ಮೇಜಿನ ಕೆಳಗಿನ ಇಡೀ ಪೆಟ್ಟಿಗೆಯನ್ನೇ ಸಿ.ಪಿ.ಯು. ಎಂದು ಕರೆಯುವುದು ರೂಢಿ. ನಿಜವಾದ ಸಿ.ಪಿ.ಯು., ಅಂದರೆ ಪ್ರೊಸೆಸರ್, ಆ ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿನ ಮೇಲೆ ಕುಳಿತ ಬೆಂಕಿಪೆಟ್ಟಿಗೆಯ ಗಾತ್ರದ ಒಂದು ಚಪ್ಪಟೆ ಬಿಲ್ಲೆ. ಸಂಸ್ಕಾರಕ ಎಂಬ ಚೆಂದದ ಶಬ್ದ ಪುಸ್ತಕಗಳಲ್ಲಿ ಇದೆಯಾದರೂ ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರೂ ತೆಗೆದುಕೊಡಲಾರರು. 1971ರಲ್ಲಿ ಇಂಟೆಲ್ ಕಂಪನಿ ಮಾರಾಟಕ್ಕೆ ತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಪ್ರೊಸೆಸರುಗಳಲ್ಲಿ ಅವುಗಳ ಸಂಖ್ಯೆ ನೂರಾರು ಕೋಟಿಗಳನ್ನು ಮುಟ್ಟಿದೆ. ಯಂತ್ರದ ಎಣಿಕೆ, ಹೋಲಿಕೆ, ಆಜ್ಞಾಪಾಲನೆ ಇವೆಲ್ಲವುಗಳ ಹೊಣೆ ಇದರದೇ. ಆದರೆ ಅದು ಒಂಟಿಯಾಗಿ ಏನನ್ನೂ ಮಾಡಲಾರದು. ಅದಕ್ಕೆ ತಕ್ಕ ವಿದ್ಯುತ್ತನ್ನು ಅಳೆದು ಕೊಡುವ ಮಂಡಲ, ನೆನಪಿನ ಪಟ್ಟಿಯಾದ ರ್‍ಯಾಮ್, ಮೊದಲ ಪಾಠವನ್ನು ಹೇಳಿಕೊಡುವ ಬಯೋಸ್, ಕಾವನ್ನು ಹೀರಿ ಹೊರಗೆ ಬಿಡುವ ಹೀಟ್ ಸಿಂಕ್ ಇವೆಲ್ಲವೂ ಅದರೊಡನೆ ಹೊಂದಿ ನಡೆಯಬೇಕು.

ಫ್ಯಾನು ತಿರುಗುತ್ತಿದೆ, ಆದುದರಿಂದ ಯಂತ್ರಕ್ಕೆ ಜೀವವಿದೆ, ಪರದೆಯೇ ಕೆಟ್ಟಿರಬೇಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಇಂಡಿಯ ನಿಂಬೆಯ ತೋಟದಲ್ಲಿ ಪಂಪಿನ ಮೋಟಾರನ್ನು ನಡೆಸಿದವರು ಈ ವಾದವನ್ನು ಒಪ್ಪುವುದಿಲ್ಲ. ಮೂರು ಫೇಸುಗಳಲ್ಲಿ ಒಂದು ಹೋದರೂ ಮೋಟಾರು ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ. ಸದ್ದು ಕೇಳಿಸಿದ ಮಾತ್ರಕ್ಕೆ ನೀರು ಬಂದೀತೆಂದು ತಿಳಿಯಬಾರದು. ಗಣಕಯಂತ್ರದ ಫ್ಯಾನಿನ ಸಂಗತಿಯೂ ಹೀಗೆಯೇ. ಅದಕ್ಕೆ ಬೇಕಾದ 12 ವೋಲ್ಟ್ ವಿದ್ಯುತ್ತು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯಿಂದ ಬರುತ್ತದೆ. ಪ್ರೊಸೆಸರ್ ಒಂದಕ್ಷರ ಓದದಿದ್ದರೂ ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿರಬಲ್ಲದು. ಅದು ವಿದ್ಯುತ್ತು ಬಂದುದಕ್ಕೆ ಸಾಕ್ಷಿಯೇ ಹೊರತು ಪ್ರೊಸೆಸರ್ ಎಚ್ಚರಗೊಂಡುದಕ್ಕೆ ಅಲ್ಲ.

ಯಂತ್ರ ಏಳುವ ಕ್ರಮವನ್ನು ತಿಳಿದರೆ ಅದು ಎಲ್ಲಿ ನಿಂತಿದೆಯೆಂದು ಊಹಿಸಬಹುದು. ಗುಂಡಿ ಒತ್ತಿದಾಗ ಎಸ್.ಎಂ.ಪಿ.ಎಸ್. ತನ್ನ ವಿದ್ಯುತ್ತು ಸ್ಥಿರವಾಯಿತೆಂದು ಮದರ್‌ಬೋರ್ಡಿಗೆ ಸಂಜ್ಞೆ ಕೊಡುತ್ತದೆ. ಅನಂತರ ಪ್ರೊಸೆಸರ್ ಬಯೋಸ್ ಎಂಬ ಚಿಕ್ಕ ಚಿಪ್ಪಿನಿಂದ ತನ್ನ ಮೊದಲ ಆಜ್ಞೆಯನ್ನು ಓದುತ್ತದೆ. ಬಯೋಸಿನ ಆಜ್ಞೆಗಳಂತೆ ರ್‍ಯಾಮ್, ಪರದೆಯ ಮಂಡಲ, ಕೀಲಿಮಣೆ ಮುಂತಾದವುಗಳ ತಪಾಸಣೆ ನಡೆಯುತ್ತದೆ. ಎಲ್ಲವೂ ಸರಿಯಿದ್ದರೆ ಅನೇಕ ಯಂತ್ರಗಳು ‘ಬೀಪ್’ ಎಂದು ಒಮ್ಮೆ ಸದ್ದು ಮಾಡುತ್ತವೆ. ರ್‍ಯಾಮ್ ಸಿಗದಿದ್ದರೆ ಆ ಸದ್ದು ಮತ್ತೆ ಮತ್ತೆ ಕೇಳುತ್ತದೆ. ಪೆಟ್ಟಿಗೆಯೊಳಗಿನ ಚಿಕ್ಕ ಸ್ಪೀಕರನ್ನು ಬೋರ್ಡಿಗೆ ಜೋಡಿಸಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಹೀಗೆ ಸದ್ದು ಬಂದರೆ ಹೆದರಬೇಕಾದುದಿಲ್ಲ, ಅದು ಒಳ್ಳೆಯ ಸುದ್ದಿ. ದೂರು ಹೇಳುವಷ್ಟಾದರೂ ಪ್ರೊಸೆಸರ್ ಎದ್ದಿದೆಯೆಂದು ಅದರ ಅರ್ಥ. ಒಂದೂ ಸದ್ದಿಲ್ಲದಿದ್ದರೆ ಮೊದಲ ಆಜ್ಞೆಯನ್ನು ಓದುವ ಮುನ್ನವೋ ಓದಿದ ಕೂಡಲೆಯೋ ಕೆಲಸ ನಿಂತಿರುವ ಸಂಭವ ಹೆಚ್ಚು. ಯಂತ್ರ ಎದ್ದು ಕೆಲವು ಕ್ಷಣಗಳಾದ ಮೇಲೆ ತಾನಾಗಿ ಆರಿಹೋದರೆ ಅದು ಮೂರನೆಯ ಬಗೆ. ಅಲ್ಲಿ ಮೊದಲು ಕಾವನ್ನು ಶಂಕಿಸಬೇಕು. ವೈದ್ಯನು ಜ್ವರವೆಂದ ಕೂಡಲೆ ಮದ್ದು ಕೊಡದೆ ಚಳಿ ಬರುತ್ತದೆಯೋ ಬೆವರು ಬರುತ್ತದೆಯೋ ಎಂದು ಕೇಳುವಂತೆ, ಇಲ್ಲಿಯೂ ಯಂತ್ರ ಸುಮ್ಮನಿದೆ ಎಂದಷ್ಟೇ ಹೇಳಿದರೆ ಸಾಲದು, ಯಾವ ಬಗೆಯಲ್ಲಿ ಸುಮ್ಮನಿದೆ ಎಂಬುದನ್ನು ನೋಡಬೇಕು.

ಸಾಮಾನ್ಯವಾಗಿ ಇಲ್ಲಿ ನಡೆಯುವುದು ಬೇರೆ. ಹೊಸ ಪ್ರೊಸೆಸರೇ ಸತ್ತದ್ದು ಎಂದು ಒಬ್ಬರು ಹೇಳುತ್ತಾರೆ. ಬೋರ್ಡು ಸುಟ್ಟಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡನೆಯವರ ಮಾತು ಕೇಳಿ ಹೊಸ ಬೋರ್ಡನ್ನು ತಂದರೆ ಹಳೆಯ ರ್‍ಯಾಮ್ ಅದಕ್ಕೆ ಹೊಂದುವುದಿಲ್ಲ. ರ್‍ಯಾಮ್ ತಂದರೆ ಎಸ್.ಎಂ.ಪಿ.ಎಸ್. ಸಾಲದೆ ಬರುತ್ತದೆ. ಸಾವಿರ ರೂಪಾಯಿಯಲ್ಲಿ ಮುಗಿಯಬೇಕೆಂದು ಹೊರಟ ಕೆಲಸ ಹೀಗೆ ಒಂದು ಹೊಸ ಯಂತ್ರದ ಬೆಲೆಯನ್ನೇ ನುಂಗುತ್ತದೆ. ಅಷ್ಟಾದರೂ ಮೊದಲು ಏನು ಕೆಟ್ಟಿತ್ತು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಬಡವನ ಅಂಗಡಿಯಲ್ಲಿ ತಪ್ಪು ನಿದಾನಕ್ಕೆ ತೆರಬೇಕಾದ ಬೆಲೆ ಇದು.

ನಮ್ಮ ತರುಣನು ಬಸ್ ನಿಲ್ದಾಣದ ಹತ್ತಿರ ರೇಡಿಯೊ, ಟಿ.ವಿ. ರಿಪೇರಿ ಮಾಡುವ ಹಿರಿಯರೊಬ್ಬರನ್ನು ಕರೆತಂದನೆಂದು ಭಾವಿಸೋಣ. ಗಣಕಯಂತ್ರದ ಪಾಠವನ್ನು ಅವರು ಶಾಲೆಯಲ್ಲಿ ಕಲಿತವರಲ್ಲ. ಆದರೆ ದೋಷ ಹುಡುಕುವ ಕ್ರಮವನ್ನು ಮೂವತ್ತು ವರ್ಷಗಳಿಂದ ಬಲ್ಲವರು. ಅವರು ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ಕೇಳಿದರು:

“ತಮ್ಮಾ, ತಗದಿದ್ದ ಹಳೇದು ಎಲ್ಲೈತಿ?”

“ಡಬ್ಬ್ಯಾಗ ಇಟ್ಟೀನ್ರಿ ಕಾಕಾ.”

“ಹಂಗಾರ ಅರ್ಧಾ ರಿಪೇರಿ ಆದಂಗ. ಮದಲ ಅದನ್ನ ಹಾಕು.”

ಈ ಮಾತಿನಲ್ಲಿ ಅಡಗಿರುವ ವಿಚಾರ ಬಹು ದೊಡ್ಡದು. ನಿನ್ನೆಯವರೆಗೆ ಯಂತ್ರ ನಡೆಯುತ್ತಿತ್ತು. ಇಂದು ಬದಲಾದದ್ದು ಪ್ರೊಸೆಸರ್. ಆದರೆ ಅದನ್ನು ಬದಲಾಯಿಸುವಾಗ ಫ್ಯಾನನ್ನು ಬಿಚ್ಚಲಾಯಿತು, ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಲಾಯಿತು, ಕೈ ತಾಗಿ ರ್‍ಯಾಮ್ ಅಲುಗಿರಲೂಬಹುದು. ಹೀಗಾಗಿ ಒಂದು ಬದಲಾವಣೆಯ ಬೆನ್ನಿಗೆ ಹತ್ತು ಬದಲಾವಣೆಗಳು ನಡೆದಿರುತ್ತವೆ. ಹಳೆಯ ಪ್ರೊಸೆಸರನ್ನು ಮತ್ತೆ ಕೂಡಿಸಿದಾಗ ಯಂತ್ರ ಎದ್ದರೆ ಬೋರ್ಡು, ರ್‍ಯಾಮ್, ವಿದ್ಯುತ್ತು, ಪರದೆ ಎಲ್ಲವೂ ನಿರ್ದೋಷಿಗಳೆಂದಾಯಿತು. ಶಂಕೆಯೆಲ್ಲ ಹೊಸ ಪ್ರೊಸೆಸರ್ ಹಾಗೂ ಬೋರ್ಡಿನ ನಡುವಣ ಹೊಂದಾಣಿಕೆಗೆ ಬಂದು ನಿಲ್ಲುತ್ತದೆ. ಏಳದಿದ್ದರೆ ಕೈಕೆಲಸದಲ್ಲಿ ಎಲ್ಲೋ ಲೋಪವಾಗಿದೆ, ಹೊಸ ಪ್ರೊಸೆಸರನ್ನು ದೂರಲು ಇನ್ನೂ ಆಧಾರವಿಲ್ಲ. ಒಂದೇ ಪರೀಕ್ಷೆಯಿಂದ ಸಮಸ್ಯೆ ಇಬ್ಭಾಗವಾಗುತ್ತದೆ. ಹೊಸದು ಬಂದ ಸಂತೋಷದಲ್ಲಿ ಹಳೆಯದನ್ನು ಆ ದಿನವೇ ಮಾರಿಬಿಡುವವರು ಈ ಸಾಕ್ಷಿಯನ್ನು ಕಳೆದುಕೊಳ್ಳುತ್ತಾರೆ.

ಕೈಕೆಲಸದ ಲೋಪಗಳು ಹಲವು. ಪೆಂಟಿಯಮ್ 4ರ ಕಾಲದಿಂದ ಪ್ರೊಸೆಸರಿಗೆಂದೇ ನಾಲ್ಕು ಕಡ್ಡಿಗಳ ಪ್ರತ್ಯೇಕ ವಿದ್ಯುತ್ ತಂತಿ ಬಂದಿದೆ. ಅದನ್ನು ಮತ್ತೆ ಸಿಕ್ಕಿಸಲು ಮರೆತರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಬರುವುದಿಲ್ಲ. ಇದು ಬಹಳ ಸಾಮಾನ್ಯವಾದ ಮರೆವು. ಸಾಕೆಟ್ಟಿನ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಂಟೆಲ್ 2004ರಲ್ಲಿ ತಂದ 775 ಎಂಬ ಸಾಕೆಟ್ಟಿನಲ್ಲಿ ಅಷ್ಟೇ ಸಂಖ್ಯೆಯ, ಕೂದಲಿನಂತೆ ನವಿರಾದ ಲೋಹದ ಎಳೆಗಳು ಸಾಲುಗಟ್ಟಿ ನಿಂತಿರುತ್ತವೆ. ಅದಕ್ಕೆ ಮುಂಚಿನ 478 ಸಾಕೆಟ್ಟಿನಲ್ಲಿ ಕಡ್ಡಿಗಳು ಪ್ರೊಸೆಸರಿನಲ್ಲಿಯೇ ಇರುತ್ತಿದ್ದವು. ಆಗ ಕಡ್ಡಿ ಬಾಗಿದರೆ ಕೆಡುತ್ತಿದ್ದುದು ಪ್ರೊಸೆಸರ್, ಈಗ ಎಳೆ ಬಾಗಿದರೆ ಕೆಡುವುದು ಬೋರ್ಡು. ದೀಪವನ್ನು ಓರೆಯಾಗಿ ಹಿಡಿದು ನೋಡಿದರೆ ಸಾಲು ತಪ್ಪಿದ ಎಳೆ ಬೇರೆಯಾಗಿ ಹೊಳೆಯುತ್ತದೆ. ಪ್ರೊಸೆಸರಿನ ಅಂಚಿನಲ್ಲಿ ಎರಡು ಕಚ್ಚುಗಳೂ ಮೂಲೆಯಲ್ಲಿ ಚಿಕ್ಕ ತ್ರಿಕೋನದ ಗುರುತೂ ಇರುತ್ತವೆ. ಅವು ಸಾಕೆಟ್ಟಿನ ಗುರುತಿಗೆ ಸರಿಹೊಂದಿದರೆ ಅದು ತನ್ನ ಭಾರದಿಂದಲೇ ಕುಳಿತುಕೊಳ್ಳುತ್ತದೆ. ಒತ್ತಬೇಕಾಗಿ ಬಂದರೆ ಎಲ್ಲೋ ತಪ್ಪಿದೆಯೆಂದೇ ತಿಳಿಯಬೇಕು. ಕೆಲಸಕ್ಕೆ ಕೈಹಾಕುವ ಮೊದಲು ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟುವುದು ಒಳ್ಳೆಯದು. ಬೇಸಿಗೆಯ ಒಣ ಹವೆಯಲ್ಲಿ ನಮ್ಮ ಮೈಯಲ್ಲಿ ಸೇರುವ ಸ್ಥಿರವಿದ್ಯುತ್ತು ನಮಗೆ ತಿಳಿಯದಂತೆಯೇ ಚಿಪ್ಪನ್ನು ಕೆಡಿಸಬಲ್ಲದು.

ತರುಣನ ಯಂತ್ರಕ್ಕೆ ಹಳೆಯ ಪ್ರೊಸೆಸರನ್ನು ಹಾಕಿದಾಗ ಅದು ಎಂದಿನಂತೆ ಎದ್ದಿತು. ಹೊಸದನ್ನು ಮತ್ತೆ ಹಾಕಿದಾಗ ಮತ್ತೆ ಅದೇ ಮೌನ. ಸಾಕೆಟ್ ಒಂದೇ, ಕಂಪನಿ ಒಂದೇ, ಅಳತೆಯೂ ಒಂದೇ. ಆದರೂ ಏಕೆ ಹೀಗೆ?

ನೊಗಕ್ಕೆ ಕೊರಳು ಹೊಂದಿದ ಮಾತ್ರಕ್ಕೆ ಎತ್ತು ಜೋಡಿಗೆ ಹೊಂದಿತೆಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. 775 ಸಾಕೆಟ್ಟಿನಲ್ಲಿ ಪೆಂಟಿಯಮ್ 4 ಕೂಡ ಕೂರುತ್ತಿತ್ತು, 2006ರ ಜುಲೈ ತಿಂಗಳಲ್ಲಿ ಬಂದ ಕೋರ್ 2 ಡ್ಯುಯೊ ಕೂಡ ಕೂರುತ್ತಿತ್ತು. ಆದರೆ ಇವೆರಡರ ಬೇಡಿಕೆಗಳು ಬೇರೆ ಬೇರೆ. ಹಲವು ಪೆಂಟಿಯಮ್ 4 ಪ್ರೊಸೆಸರುಗಳಿಗೆ 84 ವಾಟ್ ಲೆಕ್ಕದಲ್ಲಿ ತಂಪಿನ ವ್ಯವಸ್ಥೆ ಬೇಕಾಗಿದ್ದರೆ ಮೊದಲ ಕೋರ್ 2 ಡ್ಯುಯೊಗಳಿಗೆ 65 ವಾಟ್ ಸಾಕಾಗಿತ್ತು. ಕಡಿಮೆ ಉಣ್ಣುವವನನ್ನು ಸಾಕುವುದು ಸುಲಭವೆಂದು ನಾವು ತಿಳಿಯಬಹುದು. ಹೊಸ ಪ್ರೊಸೆಸರ್ ಕಡಿಮೆ ಉಣ್ಣುತ್ತಿತ್ತಾದರೂ ತನಗೆ ಬೇಕಾದ ವೋಲ್ಟೇಜನ್ನು ಹೊಸ ರೀತಿಯ ಸಂಜ್ಞೆಯಿಂದ, ಸೂಕ್ಷ್ಮವಾದ ಅಳತೆಯಲ್ಲಿ ಕೇಳುತ್ತಿತ್ತು. ಆ ಸಂಜ್ಞೆಯನ್ನು ಅರಿಯದ ಹಳೆಯ ಬೋರ್ಡು ಅದಕ್ಕೆ ವಿದ್ಯುತ್ತನ್ನು ಸರಿಯಾಗಿ ಬಡಿಸಲಾರದೆ ಹೋಗುತ್ತಿತ್ತು. ಇನ್ನು ಪ್ರೊಸೆಸರಿಗೂ ಬೋರ್ಡಿಗೂ ನಡುವೆ ಮಾಹಿತಿ ಹರಿಯುವ ವೇಗ. ಹಳೆಯದರಲ್ಲಿ ಅದು 533 ಅಥವಾ 800 ಮೆಗಾಹರ್ಟ್ಸ್. ಕೋರ್ 2 ಡ್ಯುಯೊಗಳಲ್ಲಿ ಕೆಲವು 800, ಕೆಲವು 1066, ಅನಂತರದ ಕೆಲವು 1333. ಬೋರ್ಡಿಗೆ ಆ ವೇಗ ತಿಳಿಯದಿದ್ದರೆ ಒಡನಾಟವೇ ಸಾಧ್ಯವಿಲ್ಲ.

ಆದುದರಿಂದ ಹಣ ಕೊಡುವ ಮೊದಲು ನೋಡಬೇಕಾದುದು ಬೋರ್ಡಿನ ತಯಾರಕರು ಪ್ರಕಟಿಸುವ ಪ್ರೊಸೆಸರುಗಳ ಪಟ್ಟಿಯನ್ನು. ಬೋರ್ಡಿನ ಹೆಸರು ಸಾಲದು, ಅದರ ಮೇಲೆ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುವ ಆವೃತ್ತಿಯ ಸಂಖ್ಯೆಯನ್ನೂ ಓದಿಕೊಳ್ಳಬೇಕು. ಇಂಟೆಲಿನ 945 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಮೊದಮೊದಲಿನ ಹಲವು ಕೋರ್ 2 ಡ್ಯುಯೊವನ್ನು ಒಪ್ಪುತ್ತಿರಲಿಲ್ಲ. ವಿದ್ಯುತ್ ಮಂಡಲವನ್ನು ತಿದ್ದಿ ಅದೇ ಚಿಪ್‌ಸೆಟ್ಟಿನಲ್ಲಿ ತಂದ ಅನಂತರದ ಬೋರ್ಡುಗಳು ಒಪ್ಪುತ್ತಿದ್ದವು. ಪಟ್ಟಿಯಲ್ಲಿ ಪ್ರತಿಯೊಂದು ಪ್ರೊಸೆಸರಿನ ಎದುರಿಗೆ ಮತ್ತೊಂದು ಸಂಖ್ಯೆ ಇರುತ್ತದೆ: ಬಯೋಸಿನ ಯಾವ ಆವೃತ್ತಿಯಿಂದ ಮುಂದೆ ಅದು ನಡೆಯುತ್ತದೆ ಎಂಬುದು. ನಮ್ಮ ತರುಣನ ಬೋರ್ಡು ತಿದ್ದಿದ ಬಗೆಯದೆಂದು ಇಟ್ಟುಕೊಂಡರೆ, ಅವನ ತೊಡಕು ಇದ್ದದ್ದು ಈ ಕಡೆಯ ಸಂಖ್ಯೆಯಲ್ಲಿ.

ಬಯೋಸ್ ತಾನು ಹುಟ್ಟಿದ ದಿನದವರೆಗಿನ ಪ್ರೊಸೆಸರುಗಳನ್ನು ಮಾತ್ರ ಬಲ್ಲದು. ಪಡಿತರದ ಅಂಗಡಿಯ ಪಟ್ಟಿಯಲ್ಲಿ ಹೆಸರು ಸೇರದವನು ಎಷ್ಟೇ ಅರ್ಹನಾದರೂ ಬರಿಗೈಯಲ್ಲಿ ಮರಳುವಂತೆ, ಅನಂತರ ಹುಟ್ಟಿದ ಪ್ರೊಸೆಸರ್ ಅದರೆದುರು ಅಪರಿಚಿತನಾಗಿ ನಿಲ್ಲುತ್ತದೆ. ಪಟ್ಟಿಗೆ ಹೊಸ ಹೆಸರು ಸೇರಿಸಲು ತಯಾರಕರು ಬಯೋಸಿನ ಹೊಸ ಆವೃತ್ತಿಯನ್ನು ಕೊಡುತ್ತಾರೆ. ಅದನ್ನು ಬರೆಯಬೇಕಾದರೆ ಯಂತ್ರ ನಡೆಯುತ್ತಿರಬೇಕು. ಯಂತ್ರ ನಡೆಯಬೇಕಾದರೆ ಪರಿಚಿತ ಪ್ರೊಸೆಸರ್ ಅದರಲ್ಲಿರಬೇಕು. ಹೊಸದನ್ನು ಬರಮಾಡಿಕೊಳ್ಳಲು ಹಳೆಯದೇ ಬಾಗಿಲು ತೆರೆಯಬೇಕೆಂಬ ಈ ವಿಚಿತ್ರ ಪರಿಸ್ಥಿತಿ ಸಣ್ಣ ಊರಿನ ಅಂಗಡಿಗೆ ಮಾತ್ರ ಬಂದದ್ದಲ್ಲ. 2018ರಲ್ಲಿ ಎ.ಎಂ.ಡಿ. ಕಂಪನಿ ರೈಜನ್ ಮಾಲೆಯ ಕೆಲವು ಹೊಸ ಪ್ರೊಸೆಸರುಗಳನ್ನು ಮಾರಿದಾಗ, ಅಂಗಡಿಗಳಲ್ಲಿದ್ದ ಎಷ್ಟೋ ಬೋರ್ಡುಗಳು ಸಾಕೆಟ್ ಒಂದೇ ಆಗಿದ್ದರೂ ಅವುಗಳನ್ನು ಗುರುತಿಸಲಿಲ್ಲ. ಹಳೆಯ ಪ್ರೊಸೆಸರ್ ಇಲ್ಲದ ಗಿರಾಕಿಗಳು ಬಯೋಸನ್ನು ತಿದ್ದುವುದಾದರೂ ಹೇಗೆ? ಕೊನೆಗೆ ಕಂಪನಿಯೇ ಅಂಥವರಿಗೆ ಹಳೆಯ ಬಗೆಯ ಪ್ರೊಸೆಸರೊಂದನ್ನು ಕೆಲವು ದಿನಗಳ ಮಟ್ಟಿಗೆ ಎರವಲು ಕಳಿಸುವ ವ್ಯವಸ್ಥೆ ಮಾಡಬೇಕಾಯಿತು. ಇತ್ತೀಚಿನ ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸನ್ನು ಬರೆಯುವ ಗುಂಡಿಯನ್ನೂ ಇಟ್ಟಿರುತ್ತಾರೆ.

ಪ್ರೊಸೆಸರನ್ನು ರೂಪಿಸುವವರಿಗೂ ಈ ಹೊಂದಾಣಿಕೆಯ ಚಿಂತೆ ತಪ್ಪಿದ್ದಲ್ಲ. ಇಂಟೆಲ್ ಕಂಪನಿಯ ಬೆಂಗಳೂರಿನ ಕೇಂದ್ರದಲ್ಲಿ ನಮ್ಮ ಎಂಜಿನಿಯರುಗಳು ರೂಪಿಸಿದ ಝಿಯಾನ್ 7400 ಎಂಬ ಪ್ರೊಸೆಸರ್ 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಆರು ಕೋರುಗಳೂ ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳೂ ಇದ್ದವು. ಅದು ದೊಡ್ಡ ಸಂಸ್ಥೆಗಳ ಸರ್ವರುಗಳಿಗಾಗಿ ಮಾಡಿದ್ದು, ಅಂಗಡಿಯ ಯಂತ್ರಕ್ಕಲ್ಲ. ಆದರೂ ಅದನ್ನು ಇಲ್ಲಿ ನೆನೆಯಲು ಕಾರಣವಿದೆ. ಅದಕ್ಕೆ ಹಿಂದಿನ 7300 ಮಾಲೆಗೆಂದು ಮಾಡಿದ ಸರ್ವರುಗಳ ಸಾಕೆಟ್ಟಿನಲ್ಲಿಯೇ ಕೂರುವಂತೆ ಅದನ್ನು ರೂಪಿಸಿದ್ದರು. ಎರಡು ಕೋರುಗಳನ್ನು ಹೆಚ್ಚಿಸಿಯೂ ಹಳೆಯ ಮನೆಯ ವಿದ್ಯುತ್ತು, ಕಾವು, ವೇಗ ಇವುಗಳ ಮಿತಿಯನ್ನು ಮೀರದಂತೆ ನಡೆದುಕೊಳ್ಳುವುದು ಸಾಮಾನ್ಯ ಸಾಧನೆಯಲ್ಲ. ಹೊಸದನ್ನು ಮಾಡುವುದಕ್ಕಿಂತ ಹಳೆಯದರೊಡನೆ ಹೊಂದುವ ಹೊಸದನ್ನು ಮಾಡುವುದೇ ಕಷ್ಟವೆಂದು ನನಗೆ ತೋರುತ್ತದೆ.

ಸಿಂದಗಿಯ ಅಂಗಡಿಯಲ್ಲಿ ಮುಂದಿನ ಕೆಲಸಕ್ಕೆ ಹಳೆಯ ಪ್ರೊಸೆಸರ್ ಮತ್ತೆ ಸಾಕೆಟ್ಟಿಗೆ ಬಂತು. ತಯಾರಕರು ಕೊಟ್ಟ ಬಯೋಸಿನ ಕಡತವನ್ನು ಇಳಿಸಿಕೊಂಡು, ಅದು ಅದೇ ಬೋರ್ಡಿನ ಅದೇ ಆವೃತ್ತಿಯದೇ ಎಂದು ಎರಡು ಸಲ ತಾಳೆ ನೋಡಲಾಯಿತು. ಬರೆಯುವ ನಡುವೆ ಕರೆಂಟು ಹೋದರೆ ಬಯೋಸ್ ಅರ್ಧಕ್ಕೆ ನಿಂತು ಬೋರ್ಡೇ ನಿಷ್ಪ್ರಯೋಜಕವಾಗುವ ಭಯವಿದೆ. ಕಾಕಾ ಅವಸರಪಡಲಿಲ್ಲ. ಯು.ಪಿ.ಎಸ್.ನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಯೆಂದು ಪ್ಲಗ್ಗನ್ನು ಕಿತ್ತು ನೋಡಿ, ಅನಂತರವೇ ಬರೆಯಲು ಅಪ್ಪಣೆ ಕೊಟ್ಟರು. ಅದು ಮುಗಿದ ಮೇಲೆ ವಿದ್ಯುತ್ತನ್ನು ಪೂರ್ಣವಾಗಿ ತೆಗೆದು, ಬೋರ್ಡಿನ ಮೇಲಿರುವ ಬಿಲ್ಲೆಯಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟರು. ಹಳೆಯ ಪ್ರೊಸೆಸರಿಗೆಂದು ಯಂತ್ರ ನೆನಪಿಟ್ಟುಕೊಂಡ ಹೊಂದಿಕೆಗಳು ಇದರಿಂದ ಅಳಿಸಿಹೋಗುತ್ತವೆ. ಬಳಿಕ ಹೊಸ ಪ್ರೊಸೆಸರ್. ಒಂದು ಬೀಪ್, ಪರದೆಯ ಮೇಲೆ ಅದರ ಹೆಸರು.

ಕೆಲಸ ಅಲ್ಲಿಗೆ ಪೂರ್ತಿಯಾಗುವುದಿಲ್ಲ. ಹೀಟ್ ಸಿಂಕಿನ ನಾಲ್ಕು ಮೂಲೆಗಳ ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸರಿಯಾಗಿ ಕಚ್ಚದಿದ್ದರೂ ಅದು ಪ್ರೊಸೆಸರಿನ ಮೇಲೆ ಸಮನಾಗಿ ಒರಗುವುದಿಲ್ಲ. ಬೋರ್ಡಿನ ಹಿಂಬದಿಯಿಂದ ನೋಡಿದರೆ ನಾಲ್ಕೂ ಗೂಟಗಳ ತುದಿ ಹೊರಬಂದಿದೆಯೇ ಎಂಬುದು ಕಾಣುತ್ತದೆ. ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ ತೆಗೆದು, ಹೊಸದನ್ನು ಕಡಲೆಕಾಳಿಗಿಂತ ಕಡಿಮೆ ಇಟ್ಟರೆ ಸಾಕು. ಹೆಚ್ಚು ಬಳಿದರೆ ತಂಪು ಹೆಚ್ಚೀತೆಂಬುದು ತಪ್ಪು ತಿಳಿವಳಿಕೆ. ಬಯೋಸಿನ ಒಂದು ಪುಟದಲ್ಲಿ ಪ್ರೊಸೆಸರಿನ ಕಾವನ್ನು ಅಂಕೆಗಳಲ್ಲಿ ಓದಬಹುದು. ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲಿನ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ಎರೆಮಣ್ಣಿನ ಧೂಳು ಹೀಟ್ ಸಿಂಕಿನ ಎಲೆಗಳ ನಡುವೆ ತುಂಬಿಕೊಂಡರೆ ಗಾಳಿ ಹಾಯುವುದಿಲ್ಲ. ಬೆಳಗಿನ ಹೊತ್ತಿನಲ್ಲಿ ಓದಿದ ಅಂಕೆಯನ್ನು ನಂಬದೆ, ಮಧ್ಯಾಹ್ನ ಮೂರರ ಹೊತ್ತಿಗೆ, ಅಂಗಡಿಯಲ್ಲಿ ಕೆಲಸ ಬಿರುಸಾಗಿ ನಡೆದ ಕೂಡಲೆ ಯಂತ್ರವನ್ನು ಮತ್ತೆ ಚಾಲೂ ಮಾಡಿ ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಬೇಕು.